ಮದ್ದು

ತಕ್ಕಡಿಯ ಮುಂದೆ ಕೂತಿದ್ದೆ, ಅಮ್ಮನ ಫೋನು ಬಂತು. ಅಕ್ಟೋಬರ್ ತಿಂಗಳು, ವಿಸ್ಕಾನ್ಸಿನ್ನಿನಲ್ಲಿ ರಾತ್ರಿ ಎಂಟೂವರೆ, ತೀರ್ಥಹಳ್ಳಿ ಕಡೆ ಬೆಳಿಗ್ಗೆ ಏಳು.

"ಎಂತ ಮಾಡ್ತಿದೀಯೆ?"

"ಮದ್ದು ತೂಗ್ತಿದೀನಿ."

"ಈ ಹೊತ್ತಿಗೂ ಡ್ಯೂಟಿಯಾ ಮಾರಾಯ್ತಿ? ಊಟ ಆಯ್ತಾ?"

ಆಯ್ತು ಅಂದೆ. ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವಳು. ಹತ್ತೊಂಬತ್ತು ವರ್ಷದಿಂದ ಮದ್ದು ತೂಗುವುದೇ ನನ್ನ ಅನ್ನ. ಹಾಗಾಗಿ ಅಮ್ಮನಿಗೆ ಅನುಮಾನ ಬರಲಿಲ್ಲ. ಆದರೆ ನಾನು ಕೂತಿದ್ದು ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ, ಎದುರಿಗಿದ್ದದ್ದು ಕೋವಿಮದ್ದು. ಸುಳ್ಳು ಹೇಳುವ ಕೆಲಸವನ್ನು ನನ್ನ ಪರವಾಗಿ ಕನ್ನಡವೇ ಮಾಡಿಕೊಟ್ಟಿತು.

ನಮ್ಮ ಕಡೆ ಜ್ವರಕ್ಕೆ ಕೊಡುವುದೂ ಮದ್ದು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಕಲಸಿ ಹೊಡೆಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಆಗದವರು ಅನ್ನದಲ್ಲಿ ಹಾಕಿಕೊಡುತ್ತಾರೆ ಎಂದು ಅಜ್ಜಿ ಸಾಯುವವರೆಗೂ ಹೆದರಿಕೊಂಡಿದ್ದದ್ದೂ ಮದ್ದೇ. ಚಿಕ್ಕವಳಿದ್ದಾಗ ಇವೆಲ್ಲ ಒಂದೇ ಡಬ್ಬಿಯಿಂದ ಬರುತ್ತವೆ ಅಂದುಕೊಂಡಿದ್ದೆ. ಅಜ್ಜನ ಹತ್ತಿರ ಪೈರು ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದು ಠಾಣೆಗೆ ಹೋಗಿ ಜಮಾ ಆಗುತ್ತಿತ್ತು, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಗದ್ದೆಗೆ ಹಂದಿ ಇಳಿಯುವ ಕಾಲದಲ್ಲಿ ಅಜ್ಜ ಜಗಲಿಯಲ್ಲಿ ಕೂತು ಈಡು ತುಂಬುತ್ತಿದ್ದ: ಅಂಗೈಯಲ್ಲಿ ಅಂದಾಜು ಮಾಡಿದ ಮದ್ದು, ಅದರ ಮೇಲೆ ತೆಂಗಿನ ಕತ್ತ, ಆಮೇಲೆ ಚರೆ, ಮತ್ತೆ ಕತ್ತ, ಉದ್ದನೆಯ ಸರಳಿನಿಂದ ಜಡಿಯುವುದು. ಕೇಪು ಮಾತ್ರ ಗದ್ದೆಯ ಬದುವಿಗೆ ಹೋದ ಮೇಲೆಯೇ. ಹೆಣ್ಣುಮಕ್ಕಳು ಕೋವಿ ಮುಟ್ಟಬಾರದಿತ್ತು. ಆಯುಧಪೂಜೆಯ ದಿನ ಕುಂಕುಮ ಇಡುವುದಕ್ಕೂ ತಮ್ಮನನ್ನೇ ಕರೆಯುತ್ತಿದ್ದರು.

ಇಂಥ ಮನೆಯಿಂದ ಬಂದ ನಾನು ನಲವತ್ತೈದು ದಾಟಿದ ಮೇಲೆ ತೋಟಾ ಕಟ್ಟುವುದನ್ನು ಕಲಿಯಲು ಕೂತದ್ದಕ್ಕೆ ಕಾರಣ ಒಂದು ಕಾರು. ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಸಂಜೆಪಾಳಿ ಮುಗಿಸಿ ಬರುತ್ತಿದ್ದಾಗ, ಕಾಫಿ ಲೋಟಕ್ಕೆ ಕೈ ಹಾಕಲು ಕಣ್ಣು ಕೆಳಗೆ ಹಾಯಿಸಿದೆ. ಅಷ್ಟೇ ಹೊತ್ತು. ಧಡ್ ಅಂತ ಸದ್ದು. ಹೆಣ್ಣು ಜಿಂಕೆ, ಹಿಂಗಾಲು ಎರಡೂ ಮುರಿದಿದ್ದವು. ಮುಂಗಾಲಲ್ಲಿ ರಸ್ತೆ ದಾಟಲು ಹೆಣಗುತ್ತಿತ್ತು. ಪೊಲೀಸಿನವನು ಬಂದು ಪಿಸ್ತೂಲಿನಿಂದ ಮುಗಿಸುವವರೆಗೆ ಇಪ್ಪತ್ತೆರಡು ನಿಮಿಷ. ನನ್ನ ಕೆಲಸವೇ ನೋವಿಗೆ ಮದ್ದು ಕೊಡುವುದು. ಆ ಇಪ್ಪತ್ತೆರಡು ನಿಮಿಷ ನನ್ನ ಕೈಯಲ್ಲಿ ಏನೂ ಇರಲಿಲ್ಲ. ವಿಮೆಯವರು ನನ್ನ ತಪ್ಪಿಲ್ಲ ಎಂದು ಬರೆದು ದುಡ್ಡು ಕೊಟ್ಟರು.

ಪಕ್ಕದ ಮನೆಯ ಮುದುಕರು, ಇಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ, ಮಾರನೆಯ ವಾರ ಒಂದು ಪೊಟ್ಟಣ ಜಿಂಕೆ ಮಾಂಸ ತಂದುಕೊಟ್ಟರು. ಲೇತ್ ಯಂತ್ರದ ಮೇಲೆ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಕಾರಿನ ಕಥೆ ಕೇಳಿ, "ಇದು ಒಂದೇ ಗುಂಡಿಗೆ ಬಿತ್ತು, ತಾನು ಸತ್ತಿದ್ದು ಅದಕ್ಕೆ ಗೊತ್ತಾಗಲಿಲ್ಲ" ಅಂದರು. ಬೇಟೆಗಾರರು ಹೀಗೆ ಹೇಳುತ್ತಾರೆ, ಅದಕ್ಕೆ ಗೊತ್ತಾಯಿತೋ ಇಲ್ಲವೋ ಇವರಿಗೆ ಹೇಗೆ ಗೊತ್ತು ಎಂದು ಆವತ್ತೇ ಅನಿಸಿತ್ತು. ಆದರೂ ಮಾಂಸ ತಿನ್ನುವ ಮನೆಯವಳು ನಾನು. ಕೋಳಿಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೊಳ್ಳುವವಳು. ಕಲಿಸ್ತೀರಾ ಎಂದು ಕೇಳಿದೆ.

ಈ ರಾಜ್ಯದಲ್ಲಿ 1973ರ ಜನವರಿ 1ರಿಂದೀಚೆಗೆ ಹುಟ್ಟಿದವರು ಬೇಟೆಯ ಚೀಟಿ ಕೊಳ್ಳಬೇಕಾದರೆ ಸುರಕ್ಷತೆಯ ಪಾಠ ಮುಗಿಸಬೇಕು. ಹನ್ನೆರಡು ವರ್ಷದ ಮಕ್ಕಳ ನಡುವೆ ನಾನೊಬ್ಬಳು ಕೂತೆ. ಗುರಿಯನ್ನು ಕಣ್ಣಾರೆ ಗುರುತಿಸದೆ, ಅದರ ಆಚೆಗೆ ಏನಿದೆ ಎಂದು ನೋಡದೆ ಕುದುರೆಗೆ ಬೆರಳಿಡಬೇಡಿ, ಪೊದೆ ಅಲುಗಿತು, ಸದ್ದಾಯಿತು ಅಂತ ಹೊಡೆಯಬೇಡಿ ಎಂದು ಮೇಷ್ಟ್ರು ಮೂರು ಸಲ ಹೇಳಿದಾಗ ನನಗೆ ದಶರಥ ನೆನಪಾದ. ಶಬ್ದವೇಧಿ ವಿದ್ಯೆ ಅಂತ ನಾವು ಹೊಗಳಿಕೊಂಡು ಬಂದದ್ದು ಇಲ್ಲಿ ಮೊದಲನೇ ತರಗತಿಯಲ್ಲೇ ಫೇಲು. ಕೊಡದಲ್ಲಿ ನೀರು ತುಂಬುವ ಸದ್ದಿಗೆ ಬಾಣ ಬಿಟ್ಟವನನ್ನು ಪುತ್ರಶೋಕ ಕೊಂದಿತು. ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ನೀರಿಗೆ ಹೋಗುವ ಪದ್ಧತಿ ಶ್ರವಣಕುಮಾರನ ಕಾಲದಲ್ಲಿ ಇದ್ದಿದ್ದರೆ ರಾಮಾಯಣವೇ ಇರುತ್ತಿರಲಿಲ್ಲವೇನೋ.

ಪಾಠ ಮುಗಿಸಿ ಬಂದವಳಿಗೆ ಅಜ್ಜ ಬಂದೂಕು ಕೊಡಲಿಲ್ಲ, ಬೇಸ್‌ಮೆಂಟಿಗೆ ಕರೆದೊಯ್ದರು. ಅವರ ಬಂದೂಕು ಥರ್ಟಿ ಆಟ್ ಸಿಕ್ಸ್. 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ತೋಟಾ, ಆ ಇಸವಿಯೇ ಅದರ ಹೆಸರಿನ ಬಾಲ. ಖಾಲಿ ಹಿತ್ತಾಳೆಗಳನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಲು ಹೇಳಿದರು. ಬುಡದ ಹತ್ತಿರ ಒಂದು ಹೊಳೆಯುವ ಗೆರೆ ಕಂಡರೆ ಅದು ಮುಂದಿನ ಸಲ ಅಲ್ಲೇ ತುಂಡಾಗುತ್ತದೆ. ಹೊರಗೆ ಕಾಣದಿದ್ದರೆ ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೋಡೆಯ ಮೇಲೆ ಎಳೆಯಬೇಕು. ಸವೆದ ಜಾಗದಲ್ಲಿ ಕೊಕ್ಕೆ ತಡೆಯುತ್ತದೆ. ನಾನು ಒಳ್ಳೆಯದು ಅಂತ ಇಟ್ಟಿದ್ದರಲ್ಲಿ ಎರಡನ್ನು ಅವರು ಇಕ್ಕುಳದಲ್ಲಿ ಜಜ್ಜಿ ಬಿಸಾಡಿದರು. ಉಳಿದವಕ್ಕೆ ಎಣ್ಣೆ ಸವರಿ, ಪ್ರೆಸ್ಸಿನ ಹಿಡಿಕೆ ಒತ್ತಿ ಡೈ ಒಳಗೆ ನುಗ್ಗಿಸಿದರೆ, ಹಿಗ್ಗಿದ ಹಿತ್ತಾಳೆ ಮೊದಲಿನ ಅಳತೆಗೆ ಬರುತ್ತದೆ, ಸುಟ್ಟ ಕೇಪು ಟಣ್ಣೆಂದು ಕೆಳಗೆ ಬೀಳುತ್ತದೆ. ಹೊಸ ಕೇಪು ಕೂರಿಸುವಾಗ ಮಾತ್ರ ಬಲ ಹಾಕಬಾರದು. ಬೆರಳಿಗೆ ಮೊದಲು ಒಂದು ತಡೆ, ಆಮೇಲೆ ಜಾರುವುದು, ಆಮೇಲೆ ತಳ ಮುಟ್ಟಿತು ಅನ್ನುವ ಒಂದು ಮೃದುವಾದ ನಿಲುಗಡೆ. ಈ ಮೂರನೆಯದನ್ನು ಗುರುತಿಸಲು ನನಗೆ ಒಂದು ವಾರ ಹಿಡಿಯಿತು.

ಮದ್ದಿನ ತಕ್ಕಡಿಯ ಮುಂದೆ ಕೂತಾಗ ಮಾತ್ರ ತವರಿಗೆ ಬಂದ ಹಾಗಾಯಿತು. ಇದರ ಅಳತೆ ಗ್ರೇನ್. ಅಂದರೆ ಕಾಳು, ಹಿಂದೆ ಜವೆಗೋಧಿಯ ಕಾಳಿನಿಂದ ಬಂದ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ. ಔಷಧದಂಗಡಿಯಲ್ಲೂ ಒಂದು ಕಾಲಕ್ಕೆ ಇದೇ ಅಳತೆ ಇತ್ತು. ಇವತ್ತಿಗೂ ಇಲ್ಲಿ ಆಸ್ಪಿರಿನ್ ಮಾತ್ರೆ 325 ಮಿಲಿಗ್ರಾಂ ಎಂಬ ವಿಚಿತ್ರ ಸಂಖ್ಯೆಯಲ್ಲಿ ಬರುವುದು ಅದು ಹಳೆಯ ಐದು ಗ್ರೇನ್ ಆಗಿರುವುದರಿಂದ. ಅಜ್ಜನ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗ, ಅಂದರೆ ಆರೂವರೆ ಮಿಲಿಗ್ರಾಂ ವ್ಯತ್ಯಾಸ ತೋರಿಸುತ್ತದೆ. ಅಷ್ಟು ಯಾಕೆಂದರೆ ಈ ತೋಟಾದ ಒಳಗೆ ಏಳುವ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡು. ನನ್ನ ಕಾರಿನ ಟೈರಿನಲ್ಲಿರುವುದು ಮೂವತ್ತೆರಡು. ಕೈಪಿಡಿಯಲ್ಲಿ ಹೇಳಿದ ಕೆಳಗಿನ ತೂಕದಿಂದ ಶುರುಮಾಡಬೇಕು, ಅಂದಾಜು ಅನ್ನುವುದೇ ಇಲ್ಲಿಲ್ಲ. ಅಂಗೈಯಲ್ಲಿ ಮದ್ದು ಅಳೆಯುತ್ತಿದ್ದ ನನ್ನ ಸ್ವಂತ ಅಜ್ಜ ಎರಡೂ ಕಣ್ಣು, ಹತ್ತೂ ಬೆರಳು ಉಳಿಸಿಕೊಂಡು ಸತ್ತದ್ದು ಈಗ ನನಗೆ ಪವಾಡದಂತೆ ಕಾಣುತ್ತದೆ.

ಒಂದು ದಿನ ಅಜ್ಜ ಹಿಡಿಕೆ ಒತ್ತುತ್ತಿದ್ದವರು ಕೈಬಿಟ್ಟು ಎದೆ ನೀವಿಕೊಂಡರು. ಅಂಗಿ ಜೇಬಿನಿಂದ ಕಂದು ಬಣ್ಣದ ಪುಟ್ಟ ಗಾಜಿನ ಸೀಸೆ ತೆಗೆದು ಒಂದು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡರು. ಸೀಸೆಯನ್ನು ದೂರದಿಂದಲೇ ಗುರುತಿಸಿದೆ: ನೈಟ್ರೋಗ್ಲಿಸರಿನ್, 0.4 ಮಿಲಿಗ್ರಾಂ. ಮೇಜಿನ ಮೇಲಿದ್ದ ಮದ್ದಿನ ಡಬ್ಬಿಯಲ್ಲಿ ಇದ್ದದ್ದೂ ಅದೇ ನೈಟ್ರೋಗ್ಲಿಸರಿನ್, ನೈಟ್ರೋಸೆಲ್ಯುಲೋಸ್ ಜೊತೆ ಬೆರೆತದ್ದು. ಎಲ್ಲ ಮದ್ದಿನಲ್ಲೂ ಅದು ಇರುವುದಿಲ್ಲ, ಆ ಡಬ್ಬಿಯದರಲ್ಲಿ ಇತ್ತು. ಎದೆನೋವಿಗೆ ಇದನ್ನು ಕೊಡಬಹುದು ಎಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಬರೆದದ್ದು 1879ರಲ್ಲಿ. ಅದನ್ನೇ ಸೇರಿಸಿ ಹೊಗೆಯಿಲ್ಲದ ಕೋವಿಮದ್ದಿಗೆ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದದ್ದು 1887ರಲ್ಲಿ. ಕೊನೆಗಾಲದಲ್ಲಿ ನೊಬೆಲ್‌ನ ಹೃದಯಕ್ಕೆ ವೈದ್ಯರು ಇದನ್ನೇ ಬರೆದುಕೊಟ್ಟರು. ಜನ ಹೆದರದಿರಲೆಂದು ಅವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ ಎಂದು ಅವನು 1896ರ ಒಂದು ಕಾಗದದಲ್ಲಿ ನಕ್ಕಿದ್ದಾನೆ. ಕನ್ನಡದಲ್ಲಾಗಿದ್ದರೆ ಹೆಸರು ಬದಲಿಸುವ ಅಗತ್ಯವಿರಲಿಲ್ಲ.

ಇಲ್ಲಿಗೆ ಬಂದಾಗ ಒಂದು ಸುಲಭದ ತೀರ್ಮಾನ ಕೈಗೆ ಸಿಗುತ್ತದೆ: ವಸ್ತುವಿನಲ್ಲಿ ಪಾಪ-ಪುಣ್ಯ ಇಲ್ಲ, ಬಳಸುವವರ ಮನಸ್ಸಿನಲ್ಲಿದೆ. ನಾನೂ ಕೆಲವು ದಿನ ಅದನ್ನೇ ಹಿಡಿದುಕೊಂಡಿದ್ದೆ. ಬಂದೂಕು ಮಾರುವವರೆಲ್ಲ ಇದನ್ನೇ ಹೇಳುತ್ತಾರೆ ಅನ್ನುವುದು ಗಮನಕ್ಕೆ ಬಂದ ಮೇಲೆ ಸಂಶಯ ಶುರುವಾಯಿತು.

ನಮ್ಮೂರಿನ ದಿಬ್ಬ ಹತ್ತಿದರೆ ಕುಂದಾದ್ರಿ ಕಾಣುತ್ತದೆ. ಕುಂದಕುಂದಾಚಾರ್ಯರು ಅಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆ. ಶಾಲೆಯಿಂದ ಪಿಕ್ನಿಕ್ಕಿಗೆ ಹೋಗಿ ಪಾರ್ಶ್ವನಾಥ ಬಸದಿಯ ಪಕ್ಕದ ಕೊಳದಲ್ಲಿ ಕಾಲು ಬಿಟ್ಟು ಬೈಸಿಕೊಂಡಿದ್ದೆವು. ಬೈದವರು ನಮ್ಮ ಕನ್ನಡ ಮೇಷ್ಟ್ರು, ಹುಂಚದ ಕಡೆಯ ಜೈನರು. ಅವತ್ತು ಇಳಿಯುವಾಗ ಅವರು ಹೇಳಿದ ಒಂದು ಮಾತು ಮೂವತ್ತು ವರ್ಷ ಸುಮ್ಮನೆ ಕೂತಿತ್ತು, ಕಾರಿನ ಘಟನೆಯ ರಾತ್ರಿ ಎದ್ದಿತು. ಪ್ರವಚನಸಾರದಲ್ಲಿ ಕುಂದಕುಂದರು ಹೇಳುವುದು ಇಷ್ಟು: ಎದುರಿನ ಜೀವ ಸತ್ತಿತೋ ಉಳಿಯಿತೋ ಅನ್ನುವುದು ಲೆಕ್ಕವಲ್ಲ, ಎಚ್ಚರಗೇಡಿಗೆ ಹಿಂಸೆ ಅಂಟಿಯೇ ತೀರುತ್ತದೆ, ಎಚ್ಚರದಿಂದ ನಡೆಯುವ ಮುನಿಯ ಕಾಲಡಿ ಹುಳ ಸತ್ತರೂ ಅದರಿಂದ ಅವನಿಗೆ ಬಂಧವಿಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ವಿವರಿಸುವುದು ಪ್ರಮಾದದಿಂದಲೇ. ವಿಮೆಯವರು ಮಾಫು ಮಾಡಿದ ಆ ಕಾಫಿ ಲೋಟವನ್ನು ಇವರು ಮಾಡುವುದಿಲ್ಲ. ಅದು ನನಗೆ ಸರಿ ಅನಿಸಿತು, ಒಂದು ಥರದ ಸಮಾಧಾನವೂ ಆಯಿತು. ಯಾರಾದರೂ ನನ್ನದು ತಪ್ಪು ಅನ್ನಬೇಕಿತ್ತು.

ಹಾಗಾದರೆ ಗ್ರೇನಿನ ಹತ್ತನೇ ಒಂದು ಭಾಗಕ್ಕೆ ಉಸಿರು ಹಿಡಿದು ಕೂರುವ ನಾನು ಈಗ ಎಚ್ಚರದವಳು ತಾನೆ? ಈ ಬೇಸ್‌ಮೆಂಟಿನಲ್ಲಿ ನಡೆಯುವುದೆಲ್ಲ ಪ್ರಮಾದದ ವಿರುದ್ಧದ ವ್ರತವೇ ಅಲ್ಲವೆ? ಈ ವಾದ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಒಂದೆರಡು ವಾರ ನಾನು ತೋಟಾ ಕಟ್ಟುತ್ತಾ ಸಾಮಾಯಿಕಕ್ಕೆ ಕೂತವಳ ಹಾಗೆ ಶಾಂತವಾಗಿದ್ದೆ. ಒಡೆದದ್ದು ಒಂದು ಸಣ್ಣ ವಿಷಯದಿಂದ. ಮುನಿ ನಾಲ್ಕು ಮೊಳ ಮುಂದಕ್ಕೆ ನೆಲ ನೋಡಿಕೊಂಡು ಹೆಜ್ಜೆ ಇಡುವುದು ಕೊಲ್ಲದಿರಲು. ನಾನು ದೀಪ ಹಿಡಿದು ಹಿತ್ತಾಳೆಯ ಒಳಗೆ ನೋಡುವುದು ಕೊಲ್ಲುವುದು ತಪ್ಪಿಹೋಗದಿರಲಿ ಎಂದು. ಎಚ್ಚರ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಮದ್ದಿನ ಹಾಗೆ. ಜೈನರು ಹಿಂಸೆಯನ್ನು ನಾಲ್ಕು ಬಗೆ ಮಾಡುತ್ತಾರೆ: ಮನೆವಾರ್ತೆಯಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಕಾಪಾಡಿಕೊಳ್ಳುವಾಗ ಆಗುವುದು, ಸಂಕಲ್ಪಿಸಿ ಮಾಡುವುದು. ಸಂಸಾರಸ್ಥರು ಮೊದಲ ಮೂರನ್ನು ಪೂರ್ತಿ ಬಿಡಲಾರರು ಎಂದು ಒಪ್ಪಿ, ನಾಲ್ಕನೆಯದನ್ನು ಬಿಡಲೇಬೇಕು ಅನ್ನುತ್ತಾರೆ. ಗದ್ದೆ ಕಾಯುತ್ತಿದ್ದ ನನ್ನ ಅಜ್ಜ ಮೂರರೊಳಗೆ ಎಲ್ಲೋ ನುಸುಳಿಕೊಳ್ಳಬಲ್ಲ. ಕಾರು ಓಡಿಸಿದ ನಾನೂ. ಅಂಗಡಿಯಲ್ಲಿ ತೋಟಾ ಕೊಂಡು ಹೋಗುವವರು ಒಂದು ಸಲ ಸಂಕಲ್ಪಿಸುತ್ತಾರೆ. ಕೈಯಾರೆ ಕಟ್ಟುವವಳು ಹಿಡಿಕೆ ಒತ್ತಿದಷ್ಟು ಸಲವೂ.

ಮೇಷ್ಟ್ರು ಪಿಯುಸಿಯಲ್ಲಿ ಯಶೋಧರ ಚರಿತೆ ಪಾಠ ಮಾಡಿದ್ದರು. ಜನ್ನ ಅದನ್ನು ಬರೆದು ಎಂಟುನೂರು ವರ್ಷದ ಮೇಲಾಯಿತು, ಹೊಯ್ಸಳ ಬಲ್ಲಾಳನ ಕಾಲ. ರಾಣಿ ಮಾವುತನಿಗೆ ಒಲಿದಿದ್ದಾಳೆ. ಅದನ್ನು ಕಂಡ ರಾಜ ತಾಯಿಯ ಮುಂದೆ ಕೆಟ್ಟ ಕನಸು ಅಂತ ಸುಳ್ಳು ಹೇಳುತ್ತಾನೆ. ತಾಯಿ ದೇವಿಗೆ ಪ್ರಾಣಿ ಬಲಿ ಕೊಡು ಅನ್ನುತ್ತಾಳೆ. ಜೈನನಾದ ಅವನು ಒಲ್ಲೆ ಅನ್ನುತ್ತಾನೆ. ಕೊನೆಗೆ ರಾಜಿ, ಹಿಟ್ಟಿನಲ್ಲಿ ಮಾಡಿದ ಕೋಳಿ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಒಂದು ಹನಿ ರಕ್ತ ಇಲ್ಲದ ಆ ಬಲಿಗಾಗಿ ತಾಯಿ-ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗುತ್ತಾರೆ. ಹದಿನೇಳರ ವಯಸ್ಸಿಗೆ ಇದು ಘೋರ ಅನ್ಯಾಯ ಅನಿಸಿತ್ತು. ಹಿಟ್ಟಿಗೆ ಇಷ್ಟು ಶಿಕ್ಷೆಯೆ, ಹಾಗಾದರೆ ಕಡುಬು ಮಾಡುವವರ ಗತಿ ಏನು ಎಂದು ನಮ್ಮ ಕ್ಲಾಸಿನ ಹುಡುಗನೊಬ್ಬ ಕೇಳಿದ್ದ. ಮೇಷ್ಟ್ರು ಸಿಟ್ಟಾಗಲಿಲ್ಲ. "ಕಡುಬಿಗೆ ಯಾರೂ ಜುಟ್ಟು ಇಡಲ್ಲ ಕಣಯ್ಯಾ" ಅಂದರು.

ಆ ಉತ್ತರ ಈಗ ಅರ್ಥವಾಗುತ್ತಿದೆ. ಹಿತ್ತಾಳೆ, ತಾಮ್ರ, ಮದ್ದು, ಕೇಪು ಬಿಡಿಬಿಡಿಯಾಗಿ ಮೇಜಿನ ಮೇಲಿದ್ದಾಗ ಬರೀ ಹಿಟ್ಟು. ಯಾವ ಹೊತ್ತಿನಲ್ಲಿ ಅದಕ್ಕೆ ಜುಟ್ಟು ಬಂತು? ಗುಂಡು ಕೂರಿಸಿದಾಗಲೋ, ತೂಕ ಮಾಡಿದಾಗಲೋ, ಕಲಿಸ್ತೀರಾ ಎಂದು ಕೇಳಿದಾಗಲೇ ಬಂದಿತ್ತೋ? ಮನಸ್ಸಿನಲ್ಲಿದೆ ಪಾಪ ಅನ್ನುವವರು ಮನಸ್ಸು ಕೈಯಲ್ಲೇ ತಯಾರಾಗುತ್ತದೆ ಅನ್ನುವುದನ್ನು ಮರೆಯುತ್ತಾರೆ. ಕೋಳಿ ಕೊಯ್ಯಬೇಕು ಎಂದು ಯಶೋಧರನಿಗೆ ಅನಿಸಿರಲೇ ಇಲ್ಲ. ಕೊಕ್ಕು, ರೆಕ್ಕೆ, ಜುಟ್ಟು ಇರುವ ಒಂದು ಆಕಾರ ಎದುರಿಗೆ ಬಂದು ನಿಂತ ಮೇಲೆ ಕತ್ತಿ ತಾನಾಗಿ ಎದ್ದಿತು. ಕಟ್ಟಿ ಮುಗಿಸಿದ ಇಪ್ಪತ್ತು ತೋಟಾ ಡಬ್ಬಿಯಲ್ಲಿ ಮೇಲ್ಮುಖವಾಗಿ ನಿಂತಿದ್ದನ್ನು ನೋಡಿದವಳು ನಾನು. ಅವು ಜಿಂಕೆಯನ್ನು ಕಾಯುತ್ತಿದ್ದವು, ನಾನಲ್ಲ.

ಅಮ್ಮನ ಫೋನಿಗೆ ಬರುತ್ತೇನೆ. ಮಾತಾಡುತ್ತಲೇ ಕಪಾಟಿನಿಂದ ಇನ್ನೊಂದು ಮದ್ದಿನ ಡಬ್ಬಿ ಇಳಿಸಿ ಅದರ ಚೀಟಿ ಓದುತ್ತಾ ಮೇಜಿನ ಮೇಲಿಟ್ಟಿದ್ದೆ. ತಮ್ಮನ ಮಗಳ ನಾಮಕರಣದ ಸುದ್ದಿ ನಡೆಯುತ್ತಿತ್ತು. ಮಾತಿನ ನಡುವೆ ಅಳತೆಯ ಬಟ್ಟಲು ಖಾಲಿಯಾಯಿತು, ತುಂಬಿದೆ. ಫೋನಿಟ್ಟ ಮೇಲೆ ಎರಡು ಗುಂಡು ಕೂರಿಸಿದೆ, ಮೂರನೆಯದಕ್ಕೆ ಕೈ ನಿಂತಿತು. ತುಂಬಿದ್ದು ಯಾವ ಡಬ್ಬಿಯಿಂದ? ಎರಡೂ ಕರಿಬೂದು ಬಣ್ಣದ ಸಣ್ಣ ಕಡ್ಡಿಚೂರು, ಕಣ್ಣಿಗೆ ಒಂದೇ. ಒಂದು ನಿಧಾನಕ್ಕೆ ಉರಿಯುವುದು, ಒಂದು ಬೇಗ ಉರಿಯುವುದು. ತಪ್ಪಿದರೆ ಬಂದೂಕು ಮುಖದ ಪಕ್ಕದಲ್ಲೇ ಸಿಡಿಯುತ್ತದೆ. ಮೇಜಿನ ಮೇಲೆ ಒಂದೇ ಮದ್ದು ಇರಬೇಕು ಅನ್ನುವುದು ಈ ಕೆಲಸದ ಮೊದಲನೇ ನಿಯಮ. ಒಂದೇ ಥರ ಕಾಣುವ ಎರಡು ಔಷಧ ಅಕ್ಕಪಕ್ಕ ಇಡಬಾರದು ಎಂದು ಫಾರ್ಮಸಿಯಲ್ಲಿ ಹೊಸಬರಿಗೆ ಪಾಠ ಹೇಳುವವಳು ನಾನೇ.

ಅಜ್ಜ ಮೆಟ್ಟಿಲಿಳಿದು ಬಂದರು, ಎರಡು ಡಬ್ಬಿ ನೋಡಿದರು, ಏನೂ ಅನ್ನದೆ ಪ್ಲಾಸ್ಟಿಕ್ಕಿನ ಟೊಳ್ಳು ಸುತ್ತಿಗೆ ಕೈಗೆ ಕೊಟ್ಟು ಮೇಲೆ ಹೋದರು. ತೋಟಾವನ್ನು ಅದರ ತಲೆಯಲ್ಲಿ ಸಿಕ್ಕಿಸಿ ಮರದ ದಿಮ್ಮಿಗೆ ಹೊಡೆದರೆ ಗುಂಡು ಸಡಿಲಾಗಿ ಒಳಗೆ ಬೀಳುತ್ತದೆ, ಹಿಂದೆಯೇ ಮದ್ದು ಉದುರುತ್ತದೆ. ಆ ರಾತ್ರಿ ಕಟ್ಟಿದ್ದನ್ನೆಲ್ಲ ಒಡೆದೆ. ಮೂರು ನಾಲ್ಕು ಪೆಟ್ಟಿಗೊಂದು. ಹಿತ್ತಾಳೆ ಒಂದು ಕಡೆ, ಗುಂಡು ಒಂದು ಕಡೆ, ಮದ್ದು ಒಂದು ಬಟ್ಟಲಿನಲ್ಲಿ. ಕೋಳಿ ಮತ್ತೆ ಹಿಟ್ಟಾಯಿತು. ಸಂಕಲ್ಪವನ್ನು ಹೀಗೆ ಬಿಚ್ಚಿ ವಾಪಸು ಇಡಬಹುದೆ ಎಂದು ಯೋಚಿಸುತ್ತಾ ಹೊಡೆಯುತ್ತಿದ್ದೆ. ಮೇಷ್ಟ್ರಿದ್ದಿದ್ದರೆ ಕೇಳುತ್ತಿದ್ದೆ. ಅವರು ಇಲ್ಲ ಅನ್ನುತ್ತಿದ್ದರು ಅಂತ ಅನುಮಾನ. ನಾನು ಬಿಚ್ಚಿದ್ದು ಜಿಂಕೆಯ ಮೇಲಿನ ದಯೆಗಲ್ಲ, ನನ್ನ ಮುಖದ ಮೇಲಿನ ಆಸೆಗೆ. ಮದ್ದನ್ನು ಅಜ್ಜ ಗುಲಾಬಿ ಪಾತಿಗೆ ತೆಳ್ಳಗೆ ಚೆಲ್ಲಲು ಹೇಳಿದರು. ನೈಟ್ರೋಜನ್ ಇದೆಯಲ್ಲ, ಗೊಬ್ಬರವಾಗುತ್ತದೆ.

ವಾರ ಬಿಟ್ಟು ಮತ್ತೆ ಕಟ್ಟಿದೆ. ಆಯುಧಪೂಜೆ ಅಷ್ಟರಲ್ಲಿ ದಾಟಿಹೋಗಿತ್ತು. ಆದರೂ ಪ್ರೆಸ್ಸಿನ ಹಿಡಿಕೆಗೆ ಒಂದು ಬೊಟ್ಟು ಕುಂಕುಮ ಇಟ್ಟೆ. ಅಜ್ಜ ತುಕ್ಕೇ ಎಂದು ಕೇಳಿದರು. ಗುಂಡು ಮಾತ್ರ ಸೀಸದ್ದು ಬೇಡ, ಪೂರ್ತಿ ತಾಮ್ರದ್ದು, 150 ಗ್ರೇನಿನದು ಎಂದು ಹಟ ಮಾಡಿದೆ. ಸೀಸದ ಗುಂಡು ಮಾಂಸದೊಳಗೆ ಕಣಕಣವಾಗಿ ಚೆದುರುತ್ತದೆ, ಕಾಡಲ್ಲೇ ಬಿಟ್ಟುಬರುವ ಕರುಳನ್ನು ತಿಂದ ಹದ್ದುಗಳು ಸೀಸದ ವಿಷಕ್ಕೆ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಅದು ಪೂರ್ತಿ ನಿಷಿದ್ಧ, ಇಲ್ಲಿ ಇಲ್ಲ. ಒಂದು ಸಂಕಲ್ಪಕ್ಕೆ ಒಂದು ಸಾವು ಸಾಕು. ಇಷ್ಟು ಮಾತ್ರ ನನ್ನ ಔಷಧಶಾಸ್ತ್ರ ಖಚಿತವಾಗಿ ಹೇಳಿಕೊಟ್ಟದ್ದು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಬೇಟೆ. ಎರಡನೆಯ ದಿನ ಬೆಳಿಗ್ಗೆ, ಎಂಬತ್ತು ಗಜ ದೂರದಲ್ಲಿ, ಓಕ್ ಮರಗಳ ನಡುವೆ ಒಂದು ಹೆಣ್ಣು ಜಿಂಕೆ ಅಡ್ಡವಾಗಿ ನಿಂತಿತು. ಅದರ ಆಚೆಗೆ ಗುಡ್ಡದ ಮಣ್ಣು. ಒಂದೇ ಗುಂಡು. ನಲವತ್ತು ಹೆಜ್ಜೆ ಓಡಿ ಬಿತ್ತು. ಅದಕ್ಕೆ ಗೊತ್ತಾಯಿತೋ ಇಲ್ಲವೋ ನಾನು ಹೇಳಲಾರೆ. ಹತ್ತಿರ ಹೋಗಿ ನಿಂತಾಗ ಕಿವಿಯಲ್ಲಿ ಸಿಡಿತದ ಗುಂಯ್ ಇನ್ನೂ ಇತ್ತು. ಕೈ ನಡುಗಲಿಲ್ಲ, ಅದೇ ನನಗೆ ಹಿಡಿಸಲಿಲ್ಲ.

ಮುಂದಿನ ಭಾನುವಾರ ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ, ಹೆಂಗಸಾಗಿ ಕೋವಿ ಹಿಡಿದೆಯಾ ಅನ್ನುತ್ತಾಳೆ ಅಂತಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹೆಣ್ಣಾ?"

"ಹೂಂ."

"ಗಬ್ಬ ಇತ್ತಾ?"

ನವೆಂಬರ್ ಅವು ಕೂಡುವ ಕಾಲ. ಇನ್ನೂರು ದಿನದ ಬಸಿರು, ಆಗಷ್ಟೇ ಒಂದೆರಡು ವಾರ. ಇದ್ದಿದ್ದರೂ ಯಾವ ಕಣ್ಣಿಗೂ ಯಾವ ತಕ್ಕಡಿಗೂ ಸಿಗುವಷ್ಟಲ್ಲ.

"ಗೊತ್ತಿಲ್ಲಮ್ಮ" ಅಂದೆ.

ಅಮ್ಮ ಮತ್ತೇನೂ ಕೇಳಲಿಲ್ಲ. ಫೋನಿಡುವ ಮುಂಚೆ, ಸಾರಿಗೆ ಒಣಮೆಣಸು ಹಾಕಬೇಡ, ಕಾಳುಮೆಣಸೇ ಹಾಕು ಅಂದಳು.